ಗೇಟಿನ ಹೊರಗಿನ ಬೆಂಚು

ಹೊಸ ಶಾಲೆಯ ಮೊದಲ ದಿನ ಪಾಪಚ್ಚಿ ಅಮ್ಮನ ಸೊಂಟವನ್ನು ಉಡದ ಹಾಗೆ ಹಿಡಿದುಕೊಂಡಳು. ಐದು ವರ್ಷದ ಕೂಸಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಶಾಲೆಯ ಆಯಾ ಒಂದು ಕೈ ಬಿಡಿಸಿದರೆ ಇನ್ನೊಂದು ಕೈ ಬಿಗಿಯುತ್ತಿತ್ತು. ಅತ್ತ ಅಮ್ಮ ಕೆಲಸ ಮಾಡುವ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ಹೊತ್ತಿಗೆ ಸರಿಯಾಗಿ ನಿಲ್ಲದಿದ್ದರೆ ಮೇಸ್ತ್ರಿ ಬೇರೆಯವಳನ್ನು ನಿಲ್ಲಿಸಿಬಿಡುತ್ತಿದ್ದ. ಆ ಗಡಿಬಿಡಿಯಲ್ಲಿ ಅಮ್ಮನ ಬಾಯಿಂದ ಸುಳ್ಳೊಂದು ಜಾರಿತು.

“ನಾನೆಲ್ಲೂ ಹೋಗಲ್ಲ ಕಣೇ. ಗೇಟಿನ ಹೊರಗೆ ಆ ಬೆಂಚಿನ ಮೇಲೆ ಕೂತಿರ್ತೀನಿ, ಸಂಜೆತನಕ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಹಿಡಿತ ಸಡಿಲವಾಯಿತು.

ಅಂದಿನಿಂದ ಅದೇ ನಡೆಯಿತು. ದಿನವಿಡೀ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡಿ, ಗಂಟೆ ಹೊಡೆಯುವ ಮುಂಚೆ ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ಅಮ್ಮ ಬೆಂಚಿನ ಮೇಲೆ ಏನೂ ಅರಿಯದವಳಂತೆ ಕೂರುತ್ತಿದ್ದಳು.

“ಇಲ್ಲೇ ಇದ್ಯಾ? ಬೇಜಾರಾಯ್ತಾ?”

“ಏನ್ ಬೇಜಾರು! ಒಂದು ಕಂದು ನಾಯಿ ಬಂದು ಪಕ್ಕದಲ್ಲೇ ಮಲಗಿತ್ತು.”

ಮೂರನೆಯ ದಿನ ಮಗಳು ಡಬ್ಬಿ ಮುಂದೆ ಹಿಡಿದಳು. ಅರ್ಧ ಊಟ ಹಾಗೇ ಇತ್ತು. “ನೀನು ಊಟಕ್ಕೂ ಎದ್ದಿರಲ್ವಲ್ಲಮ್ಮ, ತಿನ್ನು.” ಅಮ್ಮ ತಿಂದಳು.

“ನಿಜ ಹೇಳಿಬಿಡೇ,” ಎಂದಳು ಮರುದಿನ ಲಾಂಡ್ರಿಯಲ್ಲಿ ಇದನ್ನು ಕೇಳಿದ ಪಕ್ಕದ ಮೇಜಿನವಳು.

“ನಾಳೆ ಹೇಳ್ತೀನಿ ಅಕ್ಕ.”

“ನಿನ್ನ ನಾಳೆ ಬರೋಷ್ಟರಲ್ಲಿ ನನ್ನ ಮೊಮ್ಮಕ್ಕಳ ಮದುವೆ ಆಗಿರುತ್ತೆ!”

ಶುಕ್ರವಾರ ಮಧ್ಯಾಹ್ನ ಆಕಾಶ ತೂತಾದಂತೆ ಮಳೆ ಸುರಿದು ನಿಂತಿತು. ಸಂಜೆ ಶಾಲೆಯ ತಿರುವಿಗೆ ಬಂದಾಗ ಅಮ್ಮನಿಗೆ ಹೊಳೆಯಿತು. ಮೈಮೇಲೆ ಹನಿ ನೀರಿಲ್ಲ! ಬೀದಿಯ ನಲ್ಲಿಗೆ ತಲೆಯೊಡ್ಡಿ, ಬಟ್ಟೆಯನ್ನೂ ನೆನೆಸಿಕೊಂಡು, ಹೋಗಿ ಬೆಂಚಿನ ಮೇಲೆ ಕೂತಳು.

ಪಾಪಚ್ಚಿ ಓಡಿಬರಲಿಲ್ಲ, ನಡೆದು ಬಂದಳು. ಅಮ್ಮನ ತೊಟ್ಟಿಕ್ಕುವ ಕೂದಲನ್ನು ಬಹಳ ಹೊತ್ತು ನೋಡಿದಳು.

“ಇಲ್ಲೇ ಕೂತು ನೆನೆದ್ಯಾ?”

“ಹ್ಞೂಂ ಪುಟ್ಟ. ಅಷ್ಟು ಸುರಿದ್ರೂ ಏಳಲಿಲ್ಲ.”

ಮಗಳು ಫ್ರಾಕಿನ ಅಂಚಿನಿಂದ ಅಮ್ಮನ ಮುಖ ಒರೆಸಿದಳು. ಫ್ರಾಕೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಆಯಾ ಬಂದಳು. “ಎಲ್ಲಿ ಹೋಗಿದ್ರಮ್ಮ ಮಧ್ಯಾಹ್ನ? ಮಳೆ ಶುರುವಾಗಿದ್ದೇ ತಡ, ಅಮ್ಮ ನೆನೀತಿದಾಳೆ ಅಂತ ನನ್ನ ಕೊಡೆ ಎತ್ಕೊಂಡು ಓಡಿದ್ಲು ನಿಮ್ಮ ಮಗಳು. ನಾನು ಬಂದು ನೋಡಿದ್ರೆ, ಖಾಲಿ ಬೆಂಚಿಗೆ ಕೊಡೆ ಹಿಡಿದು ನಿಂತಿದಾಳೆ!”

ಅಮ್ಮ ಮಗಳ ಕೈ ಹಿಡಿದು ಹೊರಟಳು. ದಾರಿಯಲ್ಲಿ, “ಪಾಪಚ್ಚಿ, ನಾನು…” ಎಂದಳು.

“ಪರವಾಗಿಲ್ಲ ಬಿಡಮ್ಮ,” ಎಂದಳು ಮಗಳು, ದೊಡ್ಡವರು ಹೇಳುವ ಹಾಗೆ.

ಸೋಮವಾರ ಗೇಟಿನ ಮುಂದೆ ಅಮ್ಮ ಮೊಣಕಾಲೂರಿ ಲಾಂಡ್ರಿಯ ವಿಷಯವನ್ನೆಲ್ಲ ಹೇಳಿದಳು. “ಸಂಜೆ ಗಂಟೆ ಹೊಡೆಯೋಷ್ಟರಲ್ಲಿ ಬಂದೇ ಬರ್ತೀನಿ, ನಂಬು ಕಂದ.” ಮಗಳು ತಲೆಯಾಡಿಸಿ, ಅಳದೆ, ತಿರುಗಿ ನೋಡದೆ ಒಳಗೆ ಹೋದಳು. “ಒಂದೇ ವಾರಕ್ಕೆ ಹೊಂದ್ಕೊಂಡ್ಬಿಟ್ಲು!” ಎಂದು ಟೀಚರ್ ಹಿಗ್ಗಿದರು.

ಅಂದು ಸಂಜೆ ಅಮ್ಮ ಗಂಟೆಗೆ ಮುಂಚೆಯೇ ಬಂದು ನಿಂತಿದ್ದಳು. ಮಗಳನ್ನು ಕೈ ಹಿಡಿದು ಕರೆತಂದ ಆಯಾ ನಕ್ಕಳು.

“ಏನ್ ಜಾಣೆ ರೀ ನಿಮ್ಮ ಮಗಳು! ಒಬ್ಬಳೇ ಮನೆಗೆ ಹೋಗೋ ದಾರೀನ ಬೆಳಗ್ಗಿಂದ ನನ್ನ ಹತ್ರ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡಿದಾಳೆ.”