ಪೇಂಟರ್ ಬಾವನ ಫೋನು

ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಸಾಮಾನೆಲ್ಲ ಎದೆಯೆತ್ತರದಲ್ಲಿ ಇರುತ್ತದೆ. ಅಕ್ಕಿ ಡಬ್ಬ ಅಟ್ಟದ ಮೇಲೆ. ಮಂಚದ ಕಾಲುಗಳಿಗೆ ನಾಲ್ಕು ನಾಲ್ಕು ಇಟ್ಟಿಗೆ. ಮಕ್ಕಳ ಪುಸ್ತಕ ಮೊಳೆಗೆ ನೇತುಹಾಕಿದ ಚೀಲದಲ್ಲಿ. ಹೊಸಬರು ನೋಡಿದರೆ ಇವರೇನು ಇಲಿಗೆ ಇಷ್ಟು ಹೆದರುತ್ತಾರೆ ಅಂದುಕೊಳ್ಳಬೇಕು. ಇಲಿಗಳೂ ನಮ್ಮ ಜೊತೆ ಅಟ್ಟದಲ್ಲೇ ಇವೆ. ನಾವು ಹೆದರುವುದು ನೀರಿಗೆ.

ಬೀದಿಯ ಹಿಂದೆ ದೊಡ್ಡ ಮೋರಿ. ಅದರ ಆಚೆ ದಂಡೆಯಲ್ಲಿ ಮೇಲಿನ ಬಡಾವಣೆ. ಅಲ್ಲಿಯವರು ತಮ್ಮ ಕಡೆಗೆ ಆಳೆತ್ತರದ ಗೋಡೆ ಕಟ್ಟಿಸಿಕೊಂಡಿದ್ದಾರೆ. ನೀರಿಗೂ ಬುದ್ಧಿ ಇದೆ, ಗೋಡೆ ಇಲ್ಲದ ಕಡೆಗೇ ಬರುತ್ತದೆ. ಮೊದಲು ಮಳೆಗಾಲ ಅಂತ ಒಂದಿತ್ತು, ಅದಕ್ಕೊಂದು ಲೆಕ್ಕ ಇತ್ತು. ಈಗ ಸುಡು ಬೇಸಗೆಯಲ್ಲಿ ಒಂದು ತಿಂಗಳ ಮಳೆ ಒಂದೇ ದಿನ ಸುರಿಯುತ್ತದೆ. ಮೋರಿಗೆ ನೀರು ಬಿಡುವ ಕೆರೆ ತುಂಬಿ ಗೇಟು ಎತ್ತಿದರೆ ಎರಡೇ ಗಂಟೆಯಲ್ಲಿ ನಮ್ಮ ಮನೆಯೊಳಗೆ ಸೊಂಟದುದ್ದ ನೀರು.

ಇದಕ್ಕೆ ಸರ್ಕಾರದ ನೆರೆ ನಿಯಂತ್ರಣ ಕಚೇರಿಯವರು ಒಂದು ಉಪಾಯ ಮಾಡಿದರು. ಗೇಟು ಎತ್ತುವ ಮೊದಲು ಪ್ರತಿ ಮನೆಗೂ ಫೋನಿಗೆ ಮೆಸೇಜು. ಒಂದು ಮನೆಗೆ ಒಂದೇ ನಂಬರು, ಅದು ಕುಟುಂಬದ ಯಜಮಾನರದ್ದು. ಒಳ್ಳೆಯ ಉಪಾಯವೇ. ಯಜಮಾನರು ಬೆಳಿಗ್ಗೆ ಏಳಕ್ಕೆ ಫೋನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ಇರುವವರು ನಾವು ಅನ್ನುವುದೊಂದು ಅವರಿಗೆ ಹೊಳೆಯಲಿಲ್ಲ ಅಷ್ಟೆ. ಕಾರ್ಖಾನೆಗೆ ಹೋಗುವವರ ಫೋನು ಗೇಟಿನ ಪೆಟ್ಟಿಗೆಯಲ್ಲಿ. ಗಾರೆ ಕೆಲಸದವರ ಫೋನು ಬುತ್ತಿ ಚೀಲದ ತಳದಲ್ಲಿ. ನಮ್ಮನೆಯವರು ಮೇಲಿನ ಬಡಾವಣೆಯಲ್ಲಿ ವಾಚ್‌ಮನ್. ಅಲ್ಲಿ ಸೈರನ್ ಕೂಡ ಇದೆ, ಅದರ ಬಾಯಿ ಅವರ ಕಡೆಗೇ ತಿರುಗಿರುವುದರಿಂದ ಗೋಡೆ ದಾಟಿ ನಮಗೆ ಕೇಳುವುದಿಲ್ಲ. ಅದು ಕೂಗಿದ ಕೂಡಲೇ ಇವರು ಓಡಿಹೋಗಿ ಅವರ ಗೇಟು ಭದ್ರ ಮಾಡುತ್ತಾರೆ. ಮನೆಯಲ್ಲಿ ಹೆಂಡತಿ ಇದ್ದಾಳೆ ಅಂತ ನೆನಪಾಗಲಿಲ್ಲವಾ ಅಂದರೆ, ಡ್ಯೂಟಿಯಲ್ಲಿದ್ದೆ ಕಣೇ ಅನ್ನುತ್ತಾರೆ.

ನಲವತ್ತೆರಡು ಮನೆಯಲ್ಲಿ ಹಗಲು ಮನೆಯಲ್ಲೇ ಇರುತ್ತಿದ್ದ ಯಜಮಾನರು ಒಬ್ಬರೇ. ಟೈಲರಕ್ಕನ ಗಂಡ, ನಮ್ಮ ಪೇಂಟರ್ ಬಾವ. ಅವರು ಸತ್ತು ಎರಡು ವರ್ಷವಾಗಿತ್ತು.

ಮೇಲಿನ ಬಡಾವಣೆಯ ಮೂರನೇ ಮಹಡಿಗೆ ಬಣ್ಣ ಬಳಿಯುವಾಗ ಅಟ್ಟಣೆ ಮುರಿದು ಬಿದ್ದರು. ಅವರ ಹಳೆಯ ಫೋನನ್ನು ಅಕ್ಕ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಆ ನಂಬರನ್ನು ಪಟ್ಟಿಯಿಂದ ತೆಗೆಯಲು ಯಾರೂ ಬಂದಿರಲಿಲ್ಲ. ಒಂದು ದಿನ ಹನ್ನೊಂದು ಗಂಟೆಗೆ ಅದು ಕುಂಯ್ ಅಂದಿತು. ಗೌರವಾನ್ವಿತ ಯಜಮಾನರೇ, ನಿಮ್ಮ ಕುಟುಂಬವನ್ನು ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯಿರಿ ಅಂತ. ಅಕ್ಕ ಕತ್ತರಿಯಿಂದ ತಟ್ಟೆ ಬಡಿಯುತ್ತ ಬೀದಿಯುದ್ದಕ್ಕೂ ಓಡಿದಳು. ಮಕ್ಕಳು, ಮುದುಕಿಯರು, ನಾನು ಅಂಟಿಸಿಟ್ಟ ಕಾಗದದ ಚೀಲದ ಕಟ್ಟು, ಎಲ್ಲ ಶಾಲೆಯ ತಾರಸಿ ಸೇರಿದೆವು. ಒಂದು ಗಂಟೆಗೆ ನೀರು ಬಂತು, ಬೀದಿಯಲ್ಲಿ ಯಾರೂ ಇರಲಿಲ್ಲ. ಸಂಜೆ ಗಂಡಸರು ಬಂದು ಫೋನು ತೆಗೆದು ನೋಡಿ, ಹೌದು, ನಮಗೂ ಬಂದಿದೆ ಅಂದರು.

ಆಮೇಲೆ ಮೋಡ ಕಟ್ಟಿದರೆ ಸಾಕು, ಅಕ್ಕನ ಬಾಗಿಲಿಗೆ ಹೋಗಿ ಬಾವ ಏನಂತಾರೆ ಅಂತ ಕೇಳುವುದು ರೂಢಿಯಾಯಿತು. ಕರೆಂಟು ಹೋದರೆ ಬಾವನನ್ನು ಹಿಟ್ಟಿನ ಗಿರಣಿಗೆ ಒಯ್ದು ಚಾರ್ಜ್ ಮಾಡಿಸಿ ತರುತ್ತಿದ್ದೆವು. ಅಕ್ಕ ನಗುತ್ತ ಹೇಳುತ್ತಿದ್ದಳು, "ಇದ್ದಾಗ ಎಲ್ಲಿ ಹೋಗ್ತೀನಿ, ಎಷ್ಟೊತ್ತಿಗೆ ಬರ್ತೀನಿ ಅಂತ ಒಂದು ಮಾತು ಹೇಳಿದವರಲ್ಲ. ಈಗ ನೋಡು, ಎಷ್ಟು ಜವಾಬ್ದಾರಿ." ನಗು ಮುಗಿದ ಮೇಲೆ ಫೋನನ್ನು ಸೆರಗಿನಿಂದ ಒಮ್ಮೆ ಒರೆಸಿ ಇಡುತ್ತಿದ್ದಳು. ಅವಳು ಒರೆಸುವಾಗ ನಾವು ಬೇರೆ ಕಡೆ ನೋಡುತ್ತಿದ್ದೆವು.

ಒಂದು ದಿನ ನೆರೆ ಕಚೇರಿಯ ಗುಮಾಸ್ತ ಬಂದ. ಮರ್ಯಾದಸ್ಥ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತ. ಯಜಮಾನರು ಎಲ್ಲಿ ಅಂತ ಕೇಳಿದ. ನಿಜ ಹೇಳಿದರೆ ನಂಬರು ಹೋಗುತ್ತದೆ ಅಂತ ಅಕ್ಕನಿಗೆ ಗೊತ್ತಿತ್ತು. ಕೆಲಸಕ್ಕೆ ಹೋಗಿದ್ದಾರೆ ಅಂದಳು. ಬಾಗಿಲಲ್ಲಿ ನಿಂತಿದ್ದ ನಾನು ಅದೇ ಹೊತ್ತಿಗೆ ಊರಿಗೆ ಹೋಗಿದ್ದಾರೆ ಅಂದೆ. ಮೂಲೆಮನೆ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈಗ ತಾನೇ ಹೊರಗೆ ಹೋದ್ರಲ್ಲಪ್ಪಾ, ನಿಮಗೆ ಎದುರಾಗಲಿಲ್ವಾ ಅಂದಳು.

ಗುಮಾಸ್ತ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬಂದದ್ದು ಸಿಹಿ ಸುದ್ದಿ ಹೇಳಲು. ಕಚೇರಿಯ ಕಂಪ್ಯೂಟರಿನ ಪ್ರಕಾರ ಇಡೀ ತಗ್ಗು ಪ್ರದೇಶದಲ್ಲಿ ಮೆಸೇಜು ಬಂದ ಒಂದು ನಿಮಿಷದೊಳಗೆ ತೆರೆದು ಓದುವ ಯಜಮಾನರು ಇವರೊಬ್ಬರೇ. ಅವರಿಗೆ ಆ ವರ್ಷದ ‘ಎಚ್ಚೆತ್ತ ಯಜಮಾನ’ ಪ್ರಶಸ್ತಿ ಬಂದಿತ್ತು. ಶನಿವಾರ ಸಭೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರಲು ಹೇಳಿ ಅಂದ.

ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮನೆಯವರನ್ನೇ ಬಾವನ ಅಂಗಿ ಹಾಕಿಸಿ ಕಳಿಸೋಣ ಅಂತ ಒಬ್ಬಳು ಹೇಳಿದಳು. ಅವರು ಯಾವ ಕೋನದಿಂದ ನೋಡಿದರೂ ಎಚ್ಚೆತ್ತವರ ಹಾಗೆ ಕಾಣುವುದಿಲ್ಲ ಅಂತ ನಾನೇ ಬೇಡ ಅಂದೆ. ಅಕ್ಕ ಎರಡು ದಿನ ಬಟ್ಟೆ ಹೊಲಿಯುತ್ತಲೇ ಇದ್ದಳು. ಶುಕ್ರವಾರ ಹೇಳಿದಳು, ನಾನೇ ಹೋಗ್ತೀನಿ, ನೀವೂ ಬನ್ನಿ ಅಂತ.

ಸಭೆಯಲ್ಲಿ ಬದಲಾಗುತ್ತಿರುವ ಹವಾಮಾನ ಮತ್ತು ಮಹಿಳೆ ಅಂತ ದೊಡ್ಡ ಬ್ಯಾನರು. ವೇದಿಕೆಯ ಮೇಲೆ ಏಳು ಜನ ಗಂಡಸರು. ಮಹಿಳೆಯ ಕಷ್ಟದ ಬಗ್ಗೆ ಒಬ್ಬೊಬ್ಬರೂ ಅರ್ಧರ್ಧ ಗಂಟೆ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಆಮೇಲೆ ಬಾವನ ಹೆಸರು ಕೂಗಿದರು. ಅಕ್ಕ ಮೆಟ್ಟಿಲು ಹತ್ತಿದಳು.

"ಯಜಮಾನ್ರು ಬರಲಿಲ್ವೇನಮ್ಮಾ?" ದೊಡ್ಡ ಸಾಹೇಬರು ಶಾಲು ಬಿಡಿಸಿ ಹಿಡಿದುಕೊಂಡೇ ಕೇಳಿದರು.

ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. "ಬಂದಿದ್ದಾರೆ ಸಾರ್. ಇವರು ಸತ್ತು ಎರಡು ವರ್ಷ ಆಯ್ತು. ಬದುಕಿರೋ ನಲವತ್ತೊಂದು ಜನ ಯಜಮಾನರಿಗೆ ನೀವು ಕಳಿಸಿದ ಸುದ್ದಿ ಜೇಬಲ್ಲೇ ಉಳೀತು. ಸತ್ತವರದ್ದು ಮಾತ್ರ ನಮಗೆ ಸಿಕ್ತು, ಅದು ಹೆಂಗಸಿನ ಕೈಯಲ್ಲಿತ್ತಲ್ಲ, ಅದಕ್ಕೆ. ಶಾಲು ಬೇಡ ಸಾರ್. ಮನೇಲಿರೋರ ನಂಬರು ಬರ್ಕೊಳ್ಳಿ. ಫೋನಿಲ್ಲದೋರಿಗೆ ಅಂತ ಆ ಮೇಲಿನವರ ಹಾಗೆ ಒಂದು ಸೈರನ್ ಹಾಕಿ."

ಶಾಲನ್ನು ಏನು ಮಾಡಬೇಕೆಂದು ತಿಳಿಯದೆ ಸಾಹೇಬರು ಅದನ್ನು ತಮ್ಮ ಕುರ್ಚಿಗೇ ಹೊದೆಸಿದರು. ಖಂಡಿತ ಪರಿಶೀಲಿಸುತ್ತೇವೆ, ಪಟ್ಟಿಯಲ್ಲಿ ತಪ್ಪಿದ್ದರೆ ಕೂಡಲೇ ಸರಿಪಡಿಸುತ್ತೇವೆ ಅಂದರು.

ಅವರು ಮಾತಿಗೆ ತಪ್ಪುವವರಲ್ಲ. ಸೋಮವಾರವೇ ಸರಿಪಡಿಸಿದರು. ಸತ್ತವರ ನಂಬರು ಪಟ್ಟಿಯಲ್ಲಿ ಇರಬಾರದು ಅಂತ ಬಾವನ ನಂಬರನ್ನು ತೆಗೆದುಹಾಕಿದರು. ಅಕ್ಕನ ಹೆಸರು ಸೇರಿಸಲು ಗಂಡನ ಅಣ್ಣನ ಒಪ್ಪಿಗೆ ಪತ್ರ ಬೇಕಂತೆ. ಆ ಅಣ್ಣ ಎಲ್ಲಿದ್ದಾನೆ ಅಂತ ಬಾವನಿಗೇ ಗೊತ್ತಿರಲಿಲ್ಲ. ಸೈರನ್ನಿನ ವಿಷಯ ಪರಿಶೀಲನೆಯಲ್ಲಿತ್ತು. ಇದ್ಯಾವುದನ್ನೂ ಅವರು ನಮಗೆ ತಿಳಿಸಿರಲಿಲ್ಲ, ಗೊತ್ತಾದದ್ದು ಆಮೇಲೆ.

ಹದಿನೈದು ದಿನಕ್ಕೆ ಮೋಡ ಕಟ್ಟಿತು. ನಾವು ಅಭ್ಯಾಸದಿಂದ ಅಕ್ಕನ ಬಾಗಿಲಿಗೆ ಹೋದೆವು. ಬಾವ ಏನೂ ಹೇಳಲಿಲ್ಲ. ಹೇಳಲಿಲ್ಲವಲ್ಲ, ಹಾಗಾದರೆ ನೀರು ಬರುವುದಿಲ್ಲ ಅಂತ ನಂಬಿ ಮನೆಗೆ ಬಂದು ಒಲೆ ಹಚ್ಚಿದೆವು. ನೀರು ಅನ್ನ ಬೇಯುವ ಮೊದಲೇ ಬಂತು. ಮೂಲೆಮನೆ ಅಜ್ಜಿಯನ್ನು ಬಾಗಿಲ ಹಲಗೆ ಕಿತ್ತು ಅದರ ಮೇಲೆ ತೇಲಿಸಿಕೊಂಡು ಹೋದೆವು. ಅಕ್ಕನ ಮಿಷನ್ನು ಮುಳುಗಿತು. ಅವಳ ಅನ್ನ ಹುಟ್ಟುತ್ತಿದ್ದದ್ದು ಅದರಿಂದಲೇ. ನೀರು ಇಳಿದ ಮೇಲೆ ಅವಳು ಕೆಸರಿನಲ್ಲಿ ಕೂತು ಚಕ್ರ ತಿರುಗಿಸಿ ನೋಡಿದಳು, ತಿರುಗಲಿಲ್ಲ. ಅವತ್ತು ಅವಳು ಅತ್ತಳು. ಬಾವ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮುಂದಿನ ಸಲ ಮೋಡ ಕಂಡ ಕೂಡಲೇ ನಾವು ಯಾರ ಬಾಗಿಲಿಗೂ ಹೋಗಲಿಲ್ಲ. ಮಕ್ಕಳು, ಅಕ್ಕಿ ಡಬ್ಬ, ಪಾತ್ರೆ, ಅಜ್ಜಿ, ಅಜ್ಜಿಯ ಮೇಕೆ, ತುಕ್ಕು ಹಿಡಿದ ಮಿಷನ್ನು, ಎಲ್ಲವನ್ನೂ ಹೊತ್ತುಕೊಂಡು ದಿಬ್ಬ ಹತ್ತಿ ನೆರೆ ಕಚೇರಿಗೆ ಹೋದೆವು. ಮೊದಲ ಮಹಡಿಯ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಒಳ್ಳೆಯ ಕಟ್ಟಡ, ಒಂದು ಹನಿ ಸೋರುವುದಿಲ್ಲ. ಮೇಕೆಗೂ ಹಿಡಿಸಿತು, ಹಳೆಯ ಕಡತ ತಿನ್ನುತ್ತ ನಿಂತಿತು.

ಸಾಹೇಬರು ಕೋಣೆಯಿಂದ ಹೊರಗೆ ಬಂದು, ಇದೇನು ಧರಣಿಯಾ ಅಂತ ಕೇಳಿದರು.

"ಅಯ್ಯೋ, ಇಲ್ಲ ಸಾರ್," ಅಂದಳು ಅಕ್ಕ. "ಸುದ್ದಿ ನಮ್ಮ ಹತ್ರ ಬರಲ್ಲ ಅಂತು. ಅದಕ್ಕೆ ನಾವೇ ಸುದ್ದಿ ಹತ್ರ ಬಂದ್ವಿ. ಮೋಡ ಹೋದ ಮೇಲೆ ಎದ್ದು ಹೋಗ್ತೀವಿ."

ಆ ವರ್ಷ ಮೋಡಕ್ಕೇನು ಬರ. ಎರಡು ವಾರದಲ್ಲಿ ಐದು ಸಲ ಹೋದೆವು. ಪಕ್ಕದ ತಗ್ಗಿನ ಬೀದಿಯವರೂ ಮೂರನೇ ಸಲಕ್ಕೆ ತಮ್ಮ ಡಬ್ಬಗಳ ಜೊತೆ ಬಂದರು. ಮಕ್ಕಳು ಸಾಹೇಬರ ಕುರ್ಚಿಯ ಮೇಲೆ ಸರದಿ ಪ್ರಕಾರ ಗಿರಗಿರ ತಿರುಗಿದರು. ಪೊಲೀಸರನ್ನು ಕರೆಸಿದರು. ಬಂದ ಪೇದೆಯ ಹೆಂಡತಿ ನಮ್ಮ ಜೊತೆಯಲ್ಲೇ ಚಾಪೆಯ ಮೇಲೆ ಕೂತಿದ್ದಳು. ಅವನು ಟೋಪಿ ಸರಿಮಾಡಿಕೊಂಡು ಹೊರಗೆ ಹೋಗಿ ನಿಂತ. ನಮ್ಮನೆಯವರು ಕೂಡ ಡ್ಯೂಟಿ ಮಧ್ಯೆ ಬಂದರು, ಮೊದಲ ಸಲ, ಸೈರನ್ ಕೂಗಿತು ಕಣೇ ಅಂತ ಹೇಳಲು.

ಐದನೇ ಸಲ ಆ ಮರ್ಯಾದಸ್ಥ ಗುಮಾಸ್ತ ಒಂದು ಹೊಸ ಹಾಳೆ ಹಿಡಿದುಕೊಂಡು ಬಂದು ಅಕ್ಕನ ಮುಂದೆ ನೆಲದ ಮೇಲೆ ಕೂತ. ಸೈರನ್ ಇನ್ನೂ ಪರಿಶೀಲನೆಯಲ್ಲಿದೆ, ಸದ್ಯಕ್ಕೆ ಮನೆಯಲ್ಲಿರುವವರ ನಂಬರು ಬರೆದುಕೊಳ್ಳುತ್ತೇವೆ ಅಂದ. ಪೆನ್ನು ತೆಗೆದು ಕುಟುಂಬದ ಯಜಮಾನರ ಹೆಸರು ಕೇಳಿದ.

ಅಕ್ಕ ಒಂದು ಹೆಸರು ಹೇಳಿದಳು. ಅದನ್ನು ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷ ಟೈಲರಕ್ಕ, ಟೈಲರಕ್ಕ ಅಂತ ಕರೆದವರು ನಾವು, ನಮಗೂ ಅದು ಗೊತ್ತಿರಲಿಲ್ಲ.

ಗುಮಾಸ್ತ ಪೆನ್ನು ನಿಲ್ಲಿಸಿದ. "ಇದು ಯಾರ ಹೆಸರಮ್ಮಾ?"

"ನಂದೇ ಕಣಪ್ಪಾ. ಬೇಗ ಬರ್ಕೋ, ನನ್ನ ಹಿಂದೆ ಇನ್ನೂ ನಲವತ್ತೊಂದು ಜನ ಯಜಮಾನರು ಕೂತಿದ್ದಾರೆ."