ಫಾಕೊ ಹತ್ತಲು ಒಂದು ದಿನದ ಲೆಕ್ಕ

ಫಾಕೊ ಬೆಟ್ಟದ ದಾರಿಯಲ್ಲಿ ಕೊನೆಯ ಮನೆ ನನ್ನದು. ಅದರಾಚೆ ಕೆಸುವಿನ ಹೊಲ, ಆಮೇಲೆ ಕಾಡು. ಬುಯಾ ಊರಿಂದ ಮೇಲೆ ಹೋಗುವವರೆಲ್ಲ ನನ್ನ ಬಾಗಿಲ ಮುಂದೆಯೇ ಹಾದುಹೋಗಬೇಕು. ಶೂ ಕಿತ್ತಿದ್ದರೆ ನಿಲ್ಲುತ್ತಾರೆ, ನಾನು ಹೊಲಿದುಕೊಡುತ್ತೇನೆ, ಹೋಗುತ್ತಾರೆ. ಇಪ್ಪತ್ತಾರು ವರ್ಷ ಜನರನ್ನು ತುದಿಗೆ ಕರೆದೊಯ್ಯುವ ಕೆಲಸ ನನ್ನದಾಗಿತ್ತು. ಲೂಮಾ ಸತ್ತ ಮೇಲೆ ಬಿಟ್ಟುಬಿಟ್ಟೆ.

ಲೂಮಾ ಸಣ್ಣಂದಿನ ಗೆಳೆಯ, ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮದುವೆಯಾಗಿರಲಿಲ್ಲ. ನಮ್ಮ ಕೆಳಗಿನ ಬೀದಿಯಲ್ಲಿ ತಂಗಿ ನಮೊಂಡೋ ಜೊತೆ ಇದ್ದ. ಒಂದು ಶನಿವಾರ ನಾವಿಬ್ಬರೂ ಒಂದೇ ದಿನದಲ್ಲಿ ಬೆಟ್ಟ ಹತ್ತಿ ಇಳಿಯುವುದೆಂದು ಮಾತಾಡಿಕೊಂಡಿದ್ದೆವು. ಹಿಂದಿನ ಸಂಜೆ ಲೂಡೋ ಆಡುವಾಗ ಅವನು ನನ್ನ ಕೊನೆಯ ಕಾಯಿಯನ್ನು ಮೂರು ಸಲ ಹೊಡೆದ. "ನಾಲ್ಕು ಕಾಯಿ ನಡೆಸೋಕೆ ಬರಲ್ಲ, ಇವನು ಜನರನ್ನ ನಡೆಸ್ತಾನಂತೆ ಬೆಟ್ಟಕ್ಕೆ," ಅಂತ ನಾಲ್ಕು ಜನರೆದುರು ನಕ್ಕ. ನನಗೆ ಸಿಟ್ಟು ಬಂತು. ಬೆಳಗಿನ ಜಾವ ಅವನು ಗೇಟಿನ ಹತ್ತಿರ ಸಿಳ್ಳೆ ಹಾಕಿದಾಗ ನಾನು ಎಚ್ಚರವಾಗಿಯೇ ಇದ್ದೆ, ಏಳಲಿಲ್ಲ. ಅವನೊಬ್ಬನೇ ಹೋದ. ಮಧ್ಯಾಹ್ನದ ಮೇಲೆ ಮಂಜು ಕವಿಯಿತು, ಮಳೆಯೂ ಹಿಡಿಯಿತು. ನಾಲ್ಕನೆಯ ದಿನ ಜೇನು ಕೀಳುವವರು ಹತ್ತುವವರು ತಂಗಲು ದಾರಿಯಲ್ಲಿ ಕಟ್ಟಿದ ಮೂರು ಗುಡಿಸಲುಗಳಲ್ಲಿ ಎರಡನೆಯದರಿಂದ ಸ್ವಲ್ಪ ಮೇಲೆ, ಹಿಂದೆಂದೋ ಬೆಟ್ಟ ಉಗುಳಿದ ಕರಿಕಲ್ಲುಗಳ ನಡುವೆ ಅವನನ್ನು ಕಂಡರು. ಕಾಲು ಮುರಿದಿತ್ತು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಮೊಂಡೋ ಮಾತ್ರ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದಳು. ಹಾಗೆಯೇ ಒಂಬತ್ತು ವರ್ಷ ಕಳೆಯಿತು.

ಕಳೆದ ಡಿಸೆಂಬರಿನಲ್ಲಿ, ಒಂದು ಮಧ್ಯಾಹ್ನ, ಅವಳು ಕೈಯಲ್ಲಿ ಒಂದು ಜೊತೆ ಶೂ ಹಿಡಿದುಕೊಂಡು ಬಂದು ನನ್ನ ಬೆಂಚಿನ ಮೇಲೆ ಕೂತಳು.

"ಹೊಲಿಗೆ ಬಿಟ್ಟಿದೆ ನೋಡು, ಮೋಲಾ," ಅಂದಳು. ಅವಳು ನನ್ನನ್ನು ಅಣ್ಣನನ್ನು ಕರೆಯುವಂತೆ ಮೋಲಾ ಎಂದು ಕರೆದು ಒಂಬತ್ತು ವರ್ಷವಾಗಿತ್ತು. ಶೂ ತೆಗೆದುಕೊಂಡು ಸೂಜಿಗೆ ದಾರ ಪೋಣಿಸಿದೆ.

"ಎಲ್ಲಿಗೆ ಹೋಗೋಕೆ?"

"ಮೇಲಕ್ಕೆ. ಒಂದೇ ದಿನದಲ್ಲಿ ಹೋಗಿ ಬರ್ಬೇಕು. ನೀನು ಕರ್ಕೊಂಡು ಹೋಗ್ತೀಯ."

"ನಿನಗೆ ಐವತ್ತೆರಡು, ನಮೊಂಡೋ."

"ನಿನಗೆ ಐವತ್ತೇಳು. ವಯಸ್ಸು ಎಣಿಸ್ಕೊಳ್ಳೋಕೆ ಬಂದಿಲ್ಲ ನಾನು."

"ನನ್ನ ಮಂಡಿ ಹೋಗಿದೆ. ಈಗಿನವರು ಬೇಕಾದಷ್ಟು ಜನ ಇದ್ದಾರೆ, ಯಾರಿಗಾದ್ರೂ ಹೇಳ್ತೀನಿ."

"ಅವರೇ ಬೇಕಿದ್ರೆ ಪೇಟೆಲೇ ಸಿಗ್ತಿದ್ರು. ಈ ಏರು ಹತ್ತಿ ಇಲ್ಲಿ ತನಕ ಏದುಸಿರು ಬಿಡ್ತಾ ಯಾಕೆ ಬರ್ತಿದ್ದೆ?"

ಒಪ್ಪಿಕೊಂಡೆ. ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಆರೂವರೆಗೆ ಮೊದಲನೇ ಗುಡಿಸಲು. ಆಮೇಲೆ ಕಾಡು ಮುಗಿದು ಹುಲ್ಲಿನ ಏರು, ಅದೇ ಕಷ್ಟ, ಹತ್ತಕ್ಕೆ ಎರಡನೆಯದು. ಒಬ್ಬೊಬ್ಬರಿಗೆ ಐದು ಲೀಟರು ನೀರು, ಮೇಲೆ ಹನಿ ಸಿಗುವುದಿಲ್ಲ. ಬೇಯಿಸಿದ ಬಾಳೆಕಾಯಿ, ಉಪ್ಪು, ದಪ್ಪ ಸ್ವೆಟರು.

"ಇನ್ನೊಂದು ಮಾತು," ಅಂದೆ. "ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀವೋ ಅಲ್ಲಿಂದ ವಾಪಸು. ತುದಿ ಕೈಗೆ ಸಿಗೋ ಹಾಗಿದ್ರೂ ಸರಿ."

"ಸರಿ," ಅಂದಳು.

ಅಂದಿನಿಂದ ದಿನಾ ಮಧ್ಯಾಹ್ನ ಬಂದಳು. ಉಸಿರು ಪಳಗಲಿ ಅಂತ ಮೊದಲು ಕಾಡಿನ ಅಂಚಿನವರೆಗೆ, ಆಮೇಲೆ ಶನಿವಾರಗಳಲ್ಲಿ ಬೆಳಿಗ್ಗೆಯೇ ಹೊರಟು ಮೊದಲನೇ ಗುಡಿಸಲಿನವರೆಗೆ ನಡೆದೆವು. ವಾಪಸು ಬಂದು ಬೆಂಚಿನ ಮೇಲೆ ಕೂರುತ್ತಿದ್ದೆವು. ಅಲಸಂದೆ ರುಬ್ಬಿ ಬಾಳೆಎಲೆಯಲ್ಲಿ ಬೇಯಿಸಿದ ಕೋಕಿ ತರುತ್ತಿದ್ದಳು. ನಾನು ಇನ್ನೊಂದು ಚಹಾ ಲೋಟ ಕೊಂಡೆ. ಮೂರು ಗಂಟೆಯಾಯಿತೆಂದರೆ ಬೆಂಚು ಒರೆಸಿಡುತ್ತಿದ್ದೆ.

"ನೀನು ಇಳಿಯೋದು ನೋಡಿದ್ರೆ ಆಮೆಗೂ ಬೇಜಾರಾಗುತ್ತೆ," ಅನ್ನುತ್ತಿದ್ದಳು.

"ಆಮೆ ಬಿದ್ದಿದ್ದನ್ನ ಯಾವತ್ತಾದ್ರೂ ನೋಡಿದೀಯಾ?" ಅನ್ನುತ್ತಿದ್ದೆ. ಮಂಡಿ ನೋಯುತ್ತಿತ್ತು. ಹೇಳಲಿಲ್ಲ.

ಜನವರಿ ಮೊದಲ ವಾರಕ್ಕೆ ಅವಳು ತಯಾರಾಗಿದ್ದಳು. ನಾನು ಗಾಳಿ ಜಾಸ್ತಿ ಅಂದೆ. ಮುಂದಿನ ವಾರ ಉತ್ತರದಿಂದ ಧೂಳು ಬರ್ತಿದೆ ಅಂದೆ. ಅದರ ಮುಂದಿನ ವಾರ, ಅವಳ ಎಡಗಾಲಿನ ಶೂ ಅಡಿಯನ್ನು ಇನ್ನೊಮ್ಮೆ ಅಂಟಿಸಬೇಕು ಅಂದೆ.

"ಈ ವಾರ ಏನು ನೆಪ?" ಅಂತ ಒಂದು ದಿನ ಕೇಳಿದಳು.

"ನೆಪ ಅಲ್ಲ. ಮೋಡ..."

"ಎಲ್ಲಿದೆ ತೋರಿಸು."

ತುದಿಯವರೆಗೂ ಆಕಾಶ ತೊಳೆದಿಟ್ಟಂತಿತ್ತು. ಬೆಟ್ಟ ಹತ್ತಿ ಇಳಿದ ಮೇಲೆ ನೀನು ಇಲ್ಲಿಗೆ ಬರುವುದಿಲ್ಲವಲ್ಲ ಅಂತ ಹೇಳಲು ನನಗಾಗಲಿಲ್ಲ. ಅದರ ಬದಲು ಇನ್ನೊಂದನ್ನು ಹೇಳಿದೆ.

"ಅವತ್ತು ಲೂಮಾ ಸಿಳ್ಳೆ ಹಾಕಿದ್ದು ನನಗೆ ಕೇಳಿಸ್ತು. ಎದ್ದೇ ಇದ್ದೆ. ಬೇಕಂತಲೇ ಹೋಗ್ಲಿಲ್ಲ."

ಅವಳು ಲೋಟ ಕೆಳಗಿಟ್ಟಳು. "ಗೊತ್ತು. ನೀನು ಬರದೆ ಇದ್ದಾಗ ಅವನು ಮನೆಗೆ ವಾಪಸು ಬಂದ. 'ನೀನು ಹೋಗಿ ಅವನನ್ನ ಎಬ್ಬಿಸು, ನಿನ್ನ ಮಾತು ಕೇಳ್ತಾನೆ' ಅಂತ ನನಗೆ ಅಂದ. ಚಳಿ ಇತ್ತು, ನಾನು ಹೊದಿಕೆ ತೆಗೀಲಿಲ್ಲ. ಇಬ್ರೂ ಮಕ್ಕಳ ಥರ ಆಡ್ತೀರ, ನೀನೊಬ್ಬನೇ ಹೋಗು ಅಂದೆ."

ರಸ್ತೆಯಲ್ಲಿ ಯಾರೋ ಸೌದೆ ಹೊತ್ತುಕೊಂಡು ಹೋದರು. ಅವರು ತಿರುವು ದಾಟುವವರೆಗೂ ನಾವಿಬ್ಬರೂ ಅವರನ್ನೇ ನೋಡಿದೆವು.

"ಇದನ್ನ ಯಾರಿಗೂ ಹೇಳಿಲ್ಲ ನಾನು," ಅಂದಳು. "ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ."

ಅವಳು ನನ್ನ ಮೇಲಿನ ಸಿಟ್ಟಿಗೆ ರಸ್ತೆ ದಾಟುತ್ತಾಳೆ ಅಂತ ಒಂಬತ್ತು ವರ್ಷ ತಿಳಿದುಕೊಂಡಿದ್ದೆ.

"ಶನಿವಾರ ಹೋಗೋಣ," ಅಂದೆ.

ಹೋದೆವು. ಹುಲ್ಲಿನ ಏರಿನಲ್ಲಿ ಅವಳು ಹತ್ತು ಹೆಜ್ಜೆಗೊಮ್ಮೆ ನಿಂತಳು, ಆದರೆ ಕೂರಲಿಲ್ಲ. ಎರಡನೇ ಗುಡಿಸಲು ದಾಟಿದ ಮೇಲೆ, ಎಲ್ಲಿ ಅಂತ ಕೇಳಿದಳು. ತೋರಿಸಿದೆ. ಕರಿಕಲ್ಲುಗಳ ಸಂದಿನಲ್ಲಿ ಒಂದಿಷ್ಟು ಪಾಚಿ, ಅಷ್ಟೇ. ಬಾಳೆಕಾಯಿಯ ಒಂದು ತುಂಡು ಮುರಿದು ಅಲ್ಲಿಟ್ಟಳು. ಅಳಲಿಲ್ಲ. ನನ್ನ ಕಡೆ ತಿರುಗದೆ ಕೈ ಮಾತ್ರ ಚಾಚಿದಳು, ನಾನು ನೀರಿನ ಬಾಟಲಿ ಕೊಟ್ಟೆ.

ಮೂರನೇ ಗುಡಿಸಲಿನಿಂದ ಮೇಲೆ ಗಾಳಿ ನಿಲ್ಲಗೊಡಲಿಲ್ಲ. ಒಂದು ಗಂಟೆಗೆ ತುದಿ ನಮ್ಮೆದುರಿಗೇ ಇತ್ತು, ಬೂದಿ ಬಣ್ಣದ ಒಂದು ಇಳಿಜಾರು ಮಾತ್ರ ಬಾಕಿ.

"ಅರ್ಧ ಗಂಟೆ ಅಷ್ಟೇ," ಅಂದೆ. "ಹೋಗಿಬಿಡೋಣ."

ಅವಳು ಕೂತುಬಿಟ್ಟಳು. "ಒಂದು ಗಂಟೆಗೆ ವಾಪಸು ಅಂದಿದ್ದು ನೀನೇ."

"ಈಗ ಹೋಗೋಣ ಅಂತಿರೋದೂ ನಾನೇ. ಮಂಜಿಲ್ಲ, ಏನೂ ಇಲ್ಲ."

"ಅವನೂ ಹೀಗೇ ಅಂದ್ಕೊಂಡಿರ್ತಾನೆ, ಅರ್ಧ ಗಂಟೆ ಅಂತ. ಕೋಕಿ ತಿನ್ನು. ತಿಂದು ಇಳಿಯೋಣ."

ಕಲ್ಲಿನ ಮರೆಯಲ್ಲಿ ತಿಂದೆವು. ಇಳಿಯುವಾಗ ನನ್ನ ಮಂಡಿ ಕೈಕೊಟ್ಟಿತು. ಕಾಡಿನವರೆಗೂ ಅವಳ ಹೆಗಲು ಹಿಡಿದು ಬಂದೆ. ನನ್ನ ಗೇಟಿನ ಹತ್ತಿರ ಅವಳು ಶೂ ಬಿಚ್ಚಿ, ಪಾದ ಉಜ್ಜಿಕೊಂಡು, "ಬರ್ತೀನಿ, ಮೋಲಾ," ಅಂದು ಬರಿಗಾಲಲ್ಲಿ ಇಳಿದುಹೋದಳು.

ಮಾರನೆಯ ದಿನ ಮೂರಕ್ಕೆ ಬೆಂಚು ಒರೆಸಿದೆ. ಬರಲಿಲ್ಲ. ಕಾಲು ನೋಯುತ್ತಿರಬೇಕು ಅಂದುಕೊಂಡೆ. ವಾರ ಕಳೆಯಿತು. ಆಮೇಲೆ ಸಂತೆಯಲ್ಲಿ ಕಂಡಳು, ಮೀನಿನವಳ ಹತ್ತಿರ ಇಬ್ಬರು ಹೆಂಗಸರ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ನನ್ನನ್ನು ಕಂಡು ರಸ್ತೆ ದಾಟಲಿಲ್ಲ, ಹತ್ತಿರ ಬಂದಳು.

"ಮಂಡಿ ಹೇಗಿದೆ?"

"ಇದೆ. ತುದಿ ಬಾಕಿ ಇದೆಯಲ್ಲ, ಇನ್ನೊಂದ್ಸಲ ಹೋಗೋಣ್ವಾ?"

"ಸಾಕು, ಮೋಲಾ," ಅಂದಳು, ಮೆತ್ತಗೆ. "ಈಗ ಚರ್ಚಿನಲ್ಲಿ ಹಾಡೋಕೆ ಸೇರಿದೀನಿ. ಯಾವತ್ತಾದ್ರೂ ಭಾನುವಾರ ಬಾ."

ಬರ್ತೀನಿ ಅಂದೆ.

ಎರಡು ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಚರ್ಚಿನ ಕೆಳಗಿನ ತಿರುವಿನವರೆಗೆ ಹೋದೆ. ಹಾಡು ಅಲ್ಲಿಗೇ ಕೇಳಿಸುತ್ತದೆ. ಅಷ್ಟು ದನಿಗಳಲ್ಲಿ ಅವಳದು ಯಾವುದೆಂದು ಗೊತ್ತಾಗಲಿಲ್ಲ. ಒಳಗೆ ಹೋದರೆ ಯಾರ ಪಕ್ಕ ಕೂರಬೇಕೆಂದೂ ಗೊತ್ತಿರಲಿಲ್ಲ. ಹಾಡು ಮುಗಿಯುವವರೆಗೆ ನಿಂತು ವಾಪಸು ಬಂದೆ.