ಬಾಕಿ ಉಳಿದ ಅಕ್ಷರಗಳು

ಅಂಚೆಯಮ್ಮನಿಗೆ ಬಾಕಿ ಅಂದರೆ ಆಗದು. ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ಆಯಸ್ಸು ಸವೆಸಿದವಳು ಆಕೆ. ಚೀಲ ಖಾಲಿಯಾಗದೆ, ಕಾಗದಗಳೆಲ್ಲ ತಮ್ಮ ತಮ್ಮ ಗೂಡು ಸೇರದೆ ಒಂದು ದಿನವೂ ಮನೆಗೆ ಹೊರಟವಳಲ್ಲ. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿಲ್ಲ ನೋಡಿ. ಸಿಂಕಿನಲ್ಲಿ ಒಂದು ಲೋಟ ತೊಳೆಯದೆ ಉಳಿದಿದ್ದರೆ ಆಕೆಗೆ ಕೂತಲ್ಲಿ ಕೂರಲಾಗದು. ಪಕ್ಕದ ಮನೆಯವರ ಬಟ್ಟೆ ಒಣಗಿಯೂ ತಂತಿಯ ಮೇಲೇ ಇದ್ದರೆ ಅದನ್ನು ಮಡಿಸಿಡಲು ಕೈ ತುರಿಸುತ್ತದೆ. ಕಟ್ಟಡದಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಅಂಚೆಯಮ್ಮ.

ಇಂಥವಳ ಕಣ್ಣಿಗೆ ಮಗಳ ಮೊಬೈಲಿನ ಮೇಲಿನ ಕೆಂಪು ಅಂಕಿ ಬೀಳಬಾರದಿತ್ತು. ಬಿತ್ತು.

ಮಗಳು ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಾಳೆ. ಜಪಾನಿನಿಂದ ಬರುವ ಪೆಟ್ಟಿಗೆಗಳ ಮೇಲೆ ಅಲ್ಲಿಯ ಅಕ್ಷರಗಳಿರುತ್ತವೆ, ಅವನ್ನು ಓದಲು ಕಲಿಯುತ್ತೇನೆ ಎಂದು ಹೊರಟಿದ್ದಳು. ಅದು ಊರಿಗೆಲ್ಲ ಹೇಳುವ ಕಾರಣ. ನಿಜವಾದ ಕಾರಣ ಬೇರೆ ಇತ್ತು. ಅದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟು ಆಡಿದವರಲ್ಲ. ಅವಳ ತಂದೆ ಮರೆವಿನ ಕಾಯಿಲೆಯಲ್ಲಿ ಹೋದರು. ಮೊದಲು ಬೀಗದ ಕೈ ಇಟ್ಟ ಜಾಗ ಮರೆತರು, ಆಮೇಲೆ ಮನೆಯ ದಾರಿ ಮರೆತರು, ಕಡೆಗೆ ಹೆತ್ತ ಮಗಳನ್ನೇ "ತಾವು ಯಾರ ಮನೆಯವರು?" ಎಂದು ಕೇಳಿದರು. ಅವರಿಗೆ ಅದು ಶುರುವಾದ ವಯಸ್ಸಿಗೆ ಈಗ ಮಗಳು ಬಂದು ನಿಂತಿದ್ದಳು. ಮೆದುಳಿಗೆ ಹೊಸ ಕೆಲಸ ಕೊಟ್ಟರೆ ಅದು ಚುರುಕಾಗಿರುತ್ತದೆ ಎಂದು ಎಲ್ಲೋ ಓದಿದ್ದಳಂತೆ.

"ನೋಡಮ್ಮ, ಇದಕ್ಕೆ ಕಾಂಜಿ ಅಂತಾರೆ," ಎಂದು ಮೊದಲ ದಿನ ಮೊಬೈಲು ತೋರಿಸಿದ್ದಳು. "ಒಂದೊಂದು ಚೀಟಿ ಮೇಲೆ ಒಂದೊಂದು ಅಕ್ಷರ ಬರುತ್ತೆ. ಅರ್ಥ ನೆನಪಾದ್ರೆ ಹಸಿರು ಗುಂಡಿ ಒತ್ತೋದು, ಇಲ್ಲಾಂದ್ರೆ ಕೆಂಪು. ಹಸಿರು ಒತ್ತಿದ್ದು ಸದ್ಯಕ್ಕೆ ಬರಲ್ಲ, ಮೊದಲು ವಾರ ಬಿಟ್ಟು ಬರುತ್ತೆ, ಆಮೇಲೆ ತಿಂಗಳುಗಟ್ಟಲೆ ಬಿಟ್ಟು. ಕೆಂಪು ಒತ್ತಿದ್ದು ನಾಳೆನೇ ವಾಪಸ್."

"ಇದು ಅಕ್ಷರವಾ? ಮನೆ ಕಟ್ಟೋ ನಕ್ಷೆ ಇದ್ದ ಹಾಗಿದೆಯಲ್ಲೇ ಪುಟ್ಟಿ."

ಕೂದಲು ನೆರೆತರೇನು, ಅಂಚೆಯಮ್ಮನಿಗೆ ಅವಳು ಪುಟ್ಟಿಯೇ.

ಒಂದಷ್ಟು ಕಾಲ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಆ್ಯಪಿನ ಅಪ್‌ಡೇಟ್ ಒಂದು ಬಂತು. ಅದು ಬಂದದ್ದೇ ತಡ, ಆ್ಯಪಿನ ಗುರುತಿನ ಮೂಲೆಯಲ್ಲಿ ಕೆಂಪು ಬೊಟ್ಟಿನೊಳಗೆ ಒಂದು ಅಂಕಿ ಕಾಣಿಸಿಕೊಂಡಿತು. ನೋಡಬೇಕಾದ ಚೀಟಿಗಳು ಇನ್ನು ಇಷ್ಟು ಬಾಕಿ ಎಂದು ಅದರ ಅರ್ಥ. ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಸರಕು ಎಣಿಸುವ ಕೆಲಸ ಶುರುವಾಗಿತ್ತು. ಮಗಳು ದಣಿದು ಹಣ್ಣಾಗಿ ಮನೆಗೆ ಬರುವಳು, ಮೊಬೈಲು ತೆಗೆದು ಆ ಅಂಕಿ ನೋಡುವಳು, "ಇದೊಂದು ಬೇರೆ" ಎಂದು ಮೇಜಿನ ಮೇಲೆ ಬೋರಲು ಹಾಕುವಳು. ಒಂದು ಸಂಜೆ ಹಾಗೆ ಬೋರಲು ಹಾಕಿ ಕಣ್ಣು ಒರೆಸಿಕೊಂಡಳು. ಅಂಚೆಯಮ್ಮ ಅದನ್ನು ನೋಡಿದಳು.

ಮರುದಿನ ಬೆಳಗ್ಗೆ ಮಗಳು ಸ್ನಾನಕ್ಕೆ ಹೋದಾಗ ಮೊಬೈಲು ಮೇಜಿನ ಮೇಲೆ ಚಾರ್ಜಿಗಿತ್ತು. ಅದನ್ನು ತೆರೆಯುವ ಬಗೆ ತಾಯಿಗೆ ಗೊತ್ತಿದ್ದದ್ದೇ. ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಅಂಚೆಯಮ್ಮ ಕನ್ನಡಕ ಏರಿಸಿ ಕೆಲಸಕ್ಕೆ ಕೂತೇಬಿಟ್ಟಳು. ಚೀಟಿ ಬಂತು, ಹಸಿರು. ಮತ್ತೊಂದು ಬಂತು, ಹಸಿರು. ಕೆಂಪು ಒತ್ತುವ ಯೋಚನೆಯೇ ಆಕೆಗೆ ಬರಲಿಲ್ಲ. ಒತ್ತಿದರೆ ಅದು ನಾಳೆ ವಿಳಾಸ ಸಿಗದ ಕಾಗದದ ಹಾಗೆ ತಿರುಗಿ ಬಂದು ಮಗಳ ತಲೆ ತಿನ್ನುತ್ತದೆ. ಅದೂ ಅಲ್ಲದೆ, ನನ್ನ ಮಗಳಿಗೆ ಇದು ಗೊತ್ತಿಲ್ಲ ಎಂದು ಹೆತ್ತ ಕೈಯಿಂದಲೇ ಒತ್ತುವುದೆ? ಸ್ನಾನ ಮುಗಿಯುವ ಹೊತ್ತಿಗೆ ಅಂಕಿ ಸೊನ್ನೆಗಿಳಿದು ಬೊಟ್ಟೇ ಮಾಯವಾಗಿತ್ತು. ಚೀಲ ಕೊಡವಿ ಮಡಿಸಿಟ್ಟಷ್ಟು ಹಗುರವಾಯಿತು ಆಕೆಗೆ.

"ಹೊಸ ಅಪ್‌ಡೇಟ್ ಬಹಳ ಚೆನ್ನಾಗಿದೆ ಅಮ್ಮ, ಹೊರೆ ಕಡಿಮೆ ಮಾಡಿದಾರೆ. ಅದಕ್ಕೆ ಐದು ಸ್ಟಾರ್ ಕೊಟ್ಟೆ," ಎಂದಳು ಮಗಳು ಆ ವಾರದ ಕೊನೆಗೆ.

"ಒಳ್ಳೇದಾಯ್ತು ಬಿಡು," ಎಂದಳು ತಾಯಿ. ಐದೂ ಸ್ಟಾರು ತನಗೇ ಸಿಕ್ಕಿದ ಹಾಗೆ ಒಳಗೊಳಗೇ ಹಿಗ್ಗಿದಳು. ಆಮೇಲೆ ಅದು ದಿನಾ ಬೆಳಗಿನ ಪರಿಪಾಠವಾಯಿತು. ಅತ್ತ ಬಚ್ಚಲಲ್ಲಿ ನಲ್ಲಿ ತಿರುಗಿದರೆ ಇತ್ತ ಕನ್ನಡಕ ಮೂಗಿಗೇರುತ್ತಿತ್ತು. ಸಂಜೆ ಮಗಳು ಹೊಸ ಅಕ್ಷರಗಳನ್ನಷ್ಟೇ ಕಲಿತು, ಹಳೆಯದೆಲ್ಲ ಗಟ್ಟಿಯಾಗಿದೆ ಎಂದು ನಿಶ್ಚಿಂತೆಯಿಂದ ಇದ್ದಳು.

ಎರಡನೆಯ ಅಪ್‌ಡೇಟ್ ಬಂದಾಗ ಅಂಚೆಯಮ್ಮನಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಪ್ರತಿ ಚೀಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು, ಅಷ್ಟೇ. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ಪಕ್ಕಕ್ಕೆ ಸರಿಸಿ ಆ ಸಾಲಿನ ಮೇಲೆ ಬೆರಳಿಟ್ಟಳು.

"ಅಮ್ಮ, ಈ ಅಕ್ಷರ ಇವತ್ತು ಒಂದು ಪೆಟ್ಟಿಗೆ ಮೇಲಿತ್ತು. ಎಷ್ಟು ಹೊತ್ತು ನಿಂತು ನೋಡಿದ್ರೂ ಏನೂ ಹೊಳೀಲಿಲ್ಲ. ಈಗ ಇಲ್ಲಿ ನೋಡು. ಮಂಗಳವಾರ ಇದನ್ನ ನೋಡಿದೀನಂತೆ, ಸರಿ ಉತ್ತರಾನೂ ಕೊಟ್ಟಿದೀನಂತೆ."

"ಸುಸ್ತಾಗಿರುತ್ತೆ ಕಣೇ."

"ಅಕ್ಷರ ಮರೆತ್ರೆ ಮರೆತೋಗ್ಲಿ. ಮಂಗಳವಾರ ನಾನಿದನ್ನ ನೋಡಿದ್ದೇ ನೆನಪಿಲ್ಲ ಅಮ್ಮ. ಇದೊಂದೇ ಅಲ್ಲ, ಇಂಥದ್ದು ಎಷ್ಟೋ ಇವೆ."

ಅಂಚೆಯಮ್ಮನ ತುತ್ತು ಕೈಯಲ್ಲೇ ಉಳಿಯಿತು. ತಾನು ಖಾಲಿ ಮಾಡುತ್ತಿದ್ದದ್ದು ಬರೀ ಅಂಕಿಯಲ್ಲ, ಮಗಳ ಹೆಸರಿನಲ್ಲಿ ಉತ್ತರ ಹೇಳುತ್ತಿದ್ದೆ ಎಂಬುದು ಆಗ, ಆ ಕ್ಷಣಕ್ಕೆ, ತಲೆಗೆ ಹೋಯಿತು. ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಒಣಗಿತು. ಬಾಯಿಂದ ಹೊರಬಿದ್ದದ್ದು ಬೇರೆಯೇ.

"ನಿನಗೇನೂ ಆಗಿಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ."

ಮಗಳು ತಲೆಯೆತ್ತಿ ನೋಡಿದಳು. "ಅಪ್ಪನ ವಿಷಯದಲ್ಲೂ ಹೀಗೇ ಅಂತಿದ್ದೆ," ಎಂದಳು. ಕೈ ತೊಳೆದು ಎದ್ದುಹೋದಳು.

ಅಂದಿನಿಂದ ಅಂಚೆಯಮ್ಮ ಆ ಮೊಬೈಲಿನ ತಂಟೆಗೆ ಹೋಗಲಿಲ್ಲ. ತಾನು ಕೈಬಿಟ್ಟರೆ ಎಲ್ಲ ತಂತಾನೇ ಸರಿಹೋದೀತು ಎಂದುಕೊಂಡಳು. ಎಲ್ಲಿಯ ಸರಿ? ಹಸಿರು ಒತ್ತಿದ ಚೀಟಿಗಳು ತಿಂಗಳುಗಟ್ಟಲೆ ದೂರ ಹೋಗಿ ಕೂತಿದ್ದವು. ಮಗಳು ಒಂದೊಂದನ್ನೇ ಹುಡುಕಿ ತೆಗೆದು ದಿನಾಂಕ ನೋಡುವಳು, ನೆನಪಿಸಿಕೊಳ್ಳಲು ತಿಣುಕುವಳು, ಮುಖ ಇಷ್ಟು ಸಣ್ಣಗೆ ಮಾಡಿಕೊಳ್ಳುವಳು. ದಿನಾಂಕ ತಪ್ಪಿರಬಹುದೇ ಎಂದು ಆ್ಯಪಿನವರಿಗೂ ಬರೆದಳು. ಹೊಸ ಅಪ್‌ಡೇಟ್ ಹಾಕಿಕೊಳ್ಳಿ, ಅದರಲ್ಲಿ ಗಂಟೆಯೂ ಕಾಣುತ್ತದೆ, ನೀವೇ ಪರೀಕ್ಷಿಸಿ ಎಂದು ಉತ್ತರ ಬಂತು. ಅವಳು ಹಾಕಿಕೊಳ್ಳಲಿಲ್ಲ. ಗಂಟೆ ಸಮೇತ ಸಾಬೀತಾಗಿಬಿಟ್ಟರೆ ಏನು ಗತಿ ಎಂಬ ಭಯ ಅವಳಿಗೆ. ಅದರ ಬದಲು ಆಸ್ಪತ್ರೆಗೆ ಫೋನು ಮಾಡಿ ನರರೋಗ ತಜ್ಞರನ್ನು ಕಾಣಲು ದಿನ ಗೊತ್ತು ಮಾಡಿಕೊಂಡಳು.

"ಮನೆಯವರು ಯಾರಾದ್ರೂ ಜೊತೆಗಿರ್ಬೇಕಂತೆ. ಬರ್ತೀಯಾ?" ಎಂದಳು.

"ಬರದೆ ಇರ್ತೀನಾ," ಎಂದಳು ತಾಯಿ. ದಾರಿಯುದ್ದಕ್ಕೂ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಲೇ ಆಸ್ಪತ್ರೆ ಬಂದುಬಿಟ್ಟಿತು. ಸರದಿ ಕಾಯುವ ಜಾಗದಲ್ಲಿ ಸಾಲು ಕುರ್ಚಿಗಳು, ಫಿನಾಯಿಲಿನ ವಾಸನೆ, ಗೋಡೆಯ ಮೇಲೆ ಸದ್ದಿಲ್ಲದೆ ಓಡುವ ಟೀವಿ. ಮಗಳು ಆಸ್ಪತ್ರೆಯ ಚೀಟಿಯನ್ನು ಮಡಿಸುವಳು, ಬಿಡಿಸುವಳು, ಮತ್ತೆ ಮಡಿಸುವಳು. ಅದನ್ನು ನೋಡಿದ ಮೇಲೆ ಅಂಚೆಯಮ್ಮನಿಗೆ ತಡೆಯಲಾಗಲಿಲ್ಲ.

"ಪುಟ್ಟಿ, ಆ ಹಸಿರು ಗುಂಡಿ ಒತ್ತಿದ್ದು ನಾನು."

"ಏನು?"

"ನೀನು ಸ್ನಾನಕ್ಕೆ ಹೋದಾಗ. ದಿನಾ. ಆ ಕೆಂಪು ಅಂಕಿ ನೋಡಿ ನೀನು ಅಳ್ತಿದ್ದೆಯಲ್ಲ, ನನಗೆ ನೋಡೋಕಾಗ್ಲಿಲ್ಲ. ಖಾಲಿ ಮಾಡಿಟ್ರೆ ನಿನಗೆ ಕೆಲಸ ಹಗುರ ಆಗುತ್ತೆ ಅಂದ್ಕೊಂಡೆ."

ಮಗಳು ತಾಯಿಯ ಕಡೆ ತಿರುಗಿ ಕೂತಳು. ಅವಳು ರೇಗುತ್ತಾಳೆ, ನಾಲ್ಕು ಜನರೆದುರು ಕೂಗಾಡುತ್ತಾಳೆ ಎಂದು ಅಂಚೆಯಮ್ಮ ತಯಾರಾಗಿದ್ದಳು. ಮಗಳು ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದಳು:

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಮ್ಮ."

"ಸುಳ್ಳಲ್ವೇ! ದೇವರಾಣೆ ಸುಳ್ಳಲ್ಲ."

"ಅಪ್ಪ ನನ್ನ ಹುಟ್ಟಿದಹಬ್ಬ ಮರೆತಾಗ, 'ನಿನಗೋಸ್ಕರ ಉಡುಗೊರೆ ತಂದು ಬಚ್ಚಿಟ್ಟಿದ್ರು' ಅಂತ ಹೇಳಿ ನೀನೇ ಅಂಗಡಿಗೆ ಹೋಗಿ ತಂದುಕೊಟ್ಟೆ. ಅವರ ಮಾತು ಅರ್ಧಕ್ಕೆ ನಿಂತ್ರೆ ನೀನು ಮುಗಿಸ್ತಿದ್ದೆ. ಅವರಿಗೆ ಏನೂ ಆಗಿಲ್ಲ ಅಂತ ನಾನು ಎಷ್ಟು ಕಾಲ ನಂಬಿಕೊಂಡಿದ್ದೆ ಗೊತ್ತಾ ನಿನಗೆ?"

ಅಂಚೆಯಮ್ಮ ಹಣೆ ಚಚ್ಚಿಕೊಂಡಳು. ಇದು ಯಾವ ಜನ್ಮದ ಕರ್ಮವೋ, ಬಾಯಿ ಬಿಟ್ಟು ನಿಜ ಹೇಳಿದ ದಿನವೇ ತನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಆಗ ಆಕೆಗೆ ಆ್ಯಪಿನವರ ಉತ್ತರ ನೆನಪಾಯಿತು.

"ಗಂಟೆ ಕಾಣುತ್ತೆ ಅಂದ್ರಲ್ಲ ಅವರು, ಅದನ್ನ ಹಾಕ್ಕೋ. ಈಗಲೇ ಹಾಕ್ಕೋ. ನನ್ನ ನಂಬಬೇಡ, ಅದನ್ನೇ ನೋಡು."

ಮಗಳು ಹಿಂದೆಮುಂದೆ ನೋಡಿದಳು. ಕಡೆಗೆ ಒತ್ತಿದಳು. ತೆರೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ತುಂಬುತ್ತಾ ಹೋಯಿತು, ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಆ್ಯಪ್ ತೆರೆದುಕೊಂಡಿತು. ಮಗಳು ಪೆಟ್ಟಿಗೆಯ ಮೇಲಿದ್ದ ಅಕ್ಷರವನ್ನು ಹುಡುಕಿ ತೆಗೆದಳು. ಮಂಗಳವಾರ, ಬೆಳಗ್ಗೆ, ಅವಳು ಸ್ನಾನದಲ್ಲಿರುವ ಹೊತ್ತು. ಇನ್ನೊಂದು ತೆಗೆದಳು, ಅದೇ ಹೊತ್ತು. ಮತ್ತೊಂದು, ಮಗದೊಂದು. ತನಗೆ ಚೆನ್ನಾಗಿ ನೆನಪಿದ್ದ ಅಕ್ಷರಗಳನ್ನು ತೆಗೆದು ನೋಡಿದಳು, ಅವೆಲ್ಲ ಸಂಜೆಯವು.

ಅವಳು ಮೊಬೈಲನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಾಯಿಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ ತಿಳಿದಿರಲಿಲ್ಲ. "ನೀನೊಬ್ಬಳು," ಎಂದಳು ಬೆರಳುಗಳ ಸಂದಿಯಿಂದ. "ನನ್ನ ಜೀವ ಅರ್ಧ ಮಾಡಿಬಿಟ್ಟೆಯಲ್ಲಮ್ಮ. ರಾತ್ರಿಯೆಲ್ಲ ಮಲಗಿ ಮನೆಯವರ ಹೆಸರು ಎಣಿಸ್ತಿದ್ದೆ, ಯಾವುದಾದ್ರೂ ಬಿಟ್ಟುಹೋಯ್ತಾ ಅಂತ."

"ತಪ್ಪಾಯ್ತು ಕಣೇ."

"ತಪ್ಪಾಯ್ತು ಅಂದ್ರೆ ಮುಗೀತಾ?"

ಇಲ್ಲ, ಮುಗಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನರ್ಸು ಕರೆದಳು. ಇನ್ನೇಕೆ, ಮನೆಗೆ ಹೋಗೋಣ ಎಂದು ಅಂಚೆಯಮ್ಮ ಚೀಲ ಕೈಗೆ ತೆಗೆದುಕೊಂಡಳು. ಮಗಳು ಮುಖ ಒರೆಸಿಕೊಂಡು ಎದ್ದಳು.

"ಬಂದಿದೀವಲ್ಲ, ತೋರಿಸ್ಕೊಂಡೇ ಹೋಗೋಣ. ಈ ಅಕ್ಷರದ್ದು ನಿನ್ನ ಕೆಲಸ ಸರಿ. ಉಳಿದಿದ್ದು ಏನಿದೆಯೋ ಗೊತ್ತಾಗ್ಲಿ. ಆದ್ರೆ ಒಳಗೆ ನೀನು ನನ್ನ ಪರವಾಗಿ ಒಂದು ಮಾತೂ ಆಡಕೂಡದು."

ವೈದ್ಯೆ ಸಾವಧಾನದ ಹೆಂಗಸು. ಮೊದಲು ಮೂರು ಮಾತು ಹೇಳಿದಳು: ಸೇತುವೆ, ಬಾಚಣಿಗೆ, ಹಳದಿ. "ನೆನಪಿಟ್ಕೊಳ್ಳಿ, ಆಮೇಲೆ ಕೇಳ್ತೀನಿ," ಎಂದು ಬೇರೆ ಪ್ರಶ್ನೆಗಳಿಗೆ ಹೋದಳು. ಗಡಿಯಾರ ಬರೆಸಿದಳು, ಕಳೆಯುವ ಲೆಕ್ಕ ಮಾಡಿಸಿದಳು. ನಡುವೆ ಅಂಚೆಯಮ್ಮನತ್ತ ತಿರುಗಿ, "ಮನೇಲಿ ನಿಮ್ಮ ಮಗಳಲ್ಲಿ ಏನಾದ್ರೂ ಮರೆವು ಕಾಣಿಸ್ತಾ?" ಎಂದು ಕೇಳಿದಳು.

ಇದೇ ಪ್ರಶ್ನೆಯನ್ನು ಬೇರೊಬ್ಬ ವೈದ್ಯರು ಗಂಡನ ಬಗ್ಗೆ ಕೇಳಿದ್ದರು. ಛೇ ಛೇ, ಏನೂ ಇಲ್ಲ ಎಂದು ಆಕೆ ನಗುತ್ತಾ ಹೇಳಿದ್ದಳು. ಹಾಗೆ ಹೇಳಿದ್ದರಿಂದ ಎಷ್ಟು ಕಾಲ ಕೈತಪ್ಪಿತೋ, ಅದನ್ನು ಆಕೆ ಇವತ್ತಿನವರೆಗೆ ಯೋಚಿಸಿರಲೇ ಇಲ್ಲ.

"ನನ್ನ ಮಾತು ತಗೋಬೇಡಿ ಡಾಕ್ಟ್ರೇ," ಎಂದಳು. "ಅವರಪ್ಪನ ಬಗ್ಗೆ ಕೇಳಿದಾಗಲೂ ನಾನು ನಿಜ ಹೇಳ್ಲಿಲ್ಲ. ಅವಳನ್ನೇ ಕೇಳಿ."

ಮಗಳು ತಾಯಿಯ ಕಡೆ ತಿರುಗಿದಳು. ವೈದ್ಯೆ ತಲೆಯಾಡಿಸಿ, "ಸರಿ, ಆ ಮೂರು ಮಾತು ಹೇಳಿ ನೋಡೋಣ," ಎಂದಳು.

"ಸೇತುವೆ," ಎಂದಳು ಮಗಳು. "ಹಳದಿ." ಆಮೇಲೆ ನಿಂತಳು.

ಅಂಚೆಯಮ್ಮನ ಕೈ ತನ್ನಷ್ಟಕ್ಕೆ ತಾನೇ ತಲೆಗೂದಲಿನತ್ತ ಏಳತೊಡಗಿತು. ಗಂಡನಿಗೆ ಹೀಗೇ ಸನ್ನೆ ಮಾಡಿ ಮಾಡಿ ಪಳಗಿದ ಕೈ ಅದು. ಆಕೆ ಇನ್ನೊಂದು ಕೈಯಿಂದ ಅದನ್ನು ಹಿಡಿದೆಳೆದು, ತೊಡೆಯ ಕೆಳಗೆ ತೂರಿಸಿ, ಅದರ ಮೇಲೆ ಗಟ್ಟಿಯಾಗಿ ಕೂತಳು. ಮಗಳು ಗೋಡೆ ನೋಡಿದಳು, ಕಿಟಕಿ ನೋಡಿದಳು. ಅಂಚೆಯಮ್ಮನ ಬಾಯಿ ತುಂಬಾ ಆ ಒಂದು ಮಾತೇ ಇತ್ತು. ನುಂಗಿಕೊಂಡಳು.

"ಇಲ್ಲ, ಬರ್ತಿಲ್ಲ," ಎಂದಳು ಮಗಳು.

"ಪರವಾಗಿಲ್ಲ," ಎಂದು ವೈದ್ಯೆ ಬರೆದುಕೊಂಡಳು. "ಒಂದು ಮಾತು ತಪ್ಪಿದ್ದಕ್ಕೆ ಕಾಯಿಲೆ ಅನ್ನೋಕಾಗಲ್ಲ, ಉಳಿದಿದ್ದೆಲ್ಲ ಸರಿಯಾಗಿದೆ. ನಿದ್ದೆ ಕಡಿಮೆ, ಹೆದರಿಕೆ ಜಾಸ್ತಿ ಅಷ್ಟೇ. ಚೆನ್ನಾಗಿ ಮಲಗಿ. ಒಂದು ವರ್ಷ ಬಿಟ್ಟು ಮತ್ತೆ ನೋಡೋಣ."

ಇಬ್ಬರೂ ಹೊರಗೆ ಬಂದರು. ಲಿಫ್ಟಿನ ಮುಂದೆ ಗುಂಪಿತ್ತು, ಮೆಟ್ಟಿಲಿಳಿಯತೊಡಗಿದರು. ತಿರುವಿನಲ್ಲಿ ಮಗಳು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತುಬಿಟ್ಟಳು.

"ಬಾಚಣಿಗೆ," ಎಂದಳು.

"ಹೂಂ," ಎಂದಳು ಅಂಚೆಯಮ್ಮ. ಕಣ್ಣಿಂದ ನೀರು ಇಳಿದೇ ಇಳಿಯಿತು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಆದ್ರೂ ಹೇಳ್ಕೊಡ್ಲಿಲ್ಲ."

"ಇಲ್ಲ ಕಣೇ," ಎಂದಳು ತಾಯಿ, "ಹೇಳ್ಕೊಡ್ಲಿಲ್ಲ."

ಮಗಳು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ ಬಂದು ತಾಯಿಯ ಕೈ ಹಿಡಿದುಕೊಂಡಳು.